ವಿಕ್ಟೋರಿಯಾ ಥಿಯೇಟರ್: ಕಮ್ಮಿಯಾದ 290 ಸೀಟುಗಳ ಲೆಕ್ಕ

ಸಿಂಗಪುರದಲ್ಲಿ ಇರೋರಾದ್ರೆ ಆ ಬಿಳಿ ಗಡಿಯಾರ ಗೋಪುರವನ್ನ ನೀವು ನೋಡೇ ಇರ್ತೀರಿ. ಮುಂದೆ ಕೈಕಟ್ಟಿ ನಿಂತ ರಾಫಲ್ಸ್‌ನ ಕಂಚಿನ ಪ್ರತಿಮೆ, ಹಿಂದೆ ಗೋಪುರ, ಅದರ ಎರಡೂ ಪಕ್ಕ ಅವಳಿ ಮಕ್ಕಳ ಹಾಗೆ ಕಾಣೋ ಎರಡು ಕಟ್ಟಡ. ಊರಿಂದ ಬಂದ ನೆಂಟರನ್ನ ಅಲ್ಲಿ ನಿಲ್ಲಿಸಿ ಫೋಟೋ ತೆಗೀತೀವಿ, ನದಿಯ ಕಡೆ ನಡೀತೀವಿ. ಒಳಗೆ ಹೋಗೋದು ಕಮ್ಮಿ. ಇವತ್ತು ಒಳಗೆ ಹೋಗೋಣ.

ಮೊದಲನೇ ವಿಷಯ, ಅವು ಅವಳಿಗಳಲ್ಲ. ಒಂದು 1862ರಲ್ಲಿ ಟೌನ್ ಹಾಲ್ ಆಗಿ ಮುಗಿದದ್ದು. ಇನ್ನೊಂದು, ವಿಕ್ಟೋರಿಯಾ ರಾಣಿ ತೀರಿಕೊಂಡ ಮೇಲೆ ಅವಳ ನೆನಪಿಗೆ ಕಟ್ಟಿ 1905ರಲ್ಲಿ ತೆರೆದದ್ದು. ಆಮೇಲೆ ಹಳೆಯದಕ್ಕೆ ಹೊಸದರ ಮುಖ ಕೊಟ್ಟು, 1909ರಲ್ಲಿ ಅದನ್ನ ನಾಟಕಶಾಲೆ ಮಾಡಿದರು. ಅಂದ್ರೆ ನಾವು 'ಹಳೇ ಕಟ್ಟಡ' ಅಂತ ಮೆಚ್ಚಿಕೊಳ್ಳೋ ರೂಪವೇ ಒಂದು ನವೀಕರಣ. 1958ರಲ್ಲಿ ಥಿಯೇಟರನ್ನ ಮತ್ತೆ ರಿಪೇರಿ ಮಾಡಿ ತೆರೆದಾಗ, ಆ ಸಮಾರಂಭಕ್ಕೇ ಅಂತ ಜುಬಿರ್ ಸಯೀದ್ ಒಂದು ಹಾಡು ಕಟ್ಟಿಕೊಟ್ಟರು: 'ಮಜುಲಾ ಸಿಂಗಪುರ'. ಮುಂದಿನ ವರ್ಷ ಅದೇ ಸಿಂಗಪುರದ ರಾಜ್ಯಗೀತೆ ಆಯ್ತು, ಸ್ವಾತಂತ್ರ್ಯ ಬಂದ ಮೇಲೆ ರಾಷ್ಟ್ರಗೀತೆ. ಇಲ್ಲಿ ಓದೋ ನಿಮ್ಮ ಮಕ್ಕಳು ಬೆಳಿಗ್ಗೆ ಶಾಲೆಯಲ್ಲಿ ಕೇಳೋ ಹಾಡು ಹುಟ್ಟಿದ್ದು ಒಂದು ರಂಗಮಂದಿರದ ದುರಸ್ತಿ ಮುಗಿದ ಸಂತೋಷಕ್ಕೆ!

2010ರಲ್ಲಿ ಬಾಗಿಲು ಮುಚ್ಚಿ, 2014ರ ಜುಲೈನಲ್ಲಿ ತೆರೆದ ಈಚಿನ ನವೀಕರಣ ಮೋಕ್ ವೇ ವೇ ಅವರ ಡಬ್ಲ್ಯೂ ಆರ್ಕಿಟೆಕ್ಟ್ಸ್‌ನದು. ನನ್ನ ಮಟ್ಟಿಗೆ ಇದು ಪ್ರಾಮಾಣಿಕ ಕೆಲಸ. ಎರಡು ಕಟ್ಟಡಗಳ ನಡುವೆ ಗಾಜಿನ ಸೂರಿನ ಅಂಗಳ ಬಂದಿದೆ. ಅಲ್ಲಿ ನಿಂತರೆ ಎರಡೂ ಕಟ್ಟಡಗಳ ಹಳೇ ಪಕ್ಕದ ಗೋಡೆಗಳು ಎದುರುಬದುರು ಕಾಣ್ತವೆ, ಹಗಲಿನ ಬೆಳಕು ಮೇಲಿಂದ ಬೀಳುತ್ತೆ. ಟಿಕೆಟ್ ಇಲ್ಲದವರೂ ಬಂದು ನಿಲ್ಲಬಹುದು. ಸಂಗೀತದ ಹಾಲ್‌ನಲ್ಲಿ, ಮುಂದಕ್ಕೆ ಚಾಚಿ ಕೆಳಗಿನ ಸಾಲುಗಳಿಗೆ ಸ್ವರ ತಲುಪದ ಹಾಗೆ ಮಾಡಿದ್ದ ಬಾಲ್ಕನಿಯನ್ನ ಹಿಂದಕ್ಕೆ ಸರಿಸಿದ್ದಾರೆ. ನಾಟಕಶಾಲೆಯ ಒಳಗಂತೂ ವಿಕ್ಟೋರಿಯಾ ಕಾಲದ ನಕಲಿ ಹೂಬಳ್ಳಿ ಅಂಟಿಸೋಕೆ ಹೋಗಿಲ್ಲ. ಒಳಗಿರೋದು ಹೊಸದು, ಹೊಸದಾಗೇ ಕಾಣುತ್ತೆ.

ಆದ್ರೆ ಪಕ್ಕದ ಗೋಡೆ ನೋಡಿ. ಅಲ್ಲಿ ಸಾಲುಸಾಲಾಗಿ ಜೋಡಿಸಿರೋದು ಹಳೇ ಕುರ್ಚಿಗಳ ಎರಕದ ಕಬ್ಬಿಣದ ಭಾಗಗಳು. ಗುಜರಿಗೆ ಹಾಕೋ ಬದಲು ಸದ್ದನ್ನ ಚದುರಿಸೋ ಫಲಕ ಮಾಡಿದ್ದಾರೆ. ಚೆಂದವಾಗಿದೆ, ಉಪಯೋಗಕ್ಕೂ ಬರುತ್ತೆ. ನಾಟಕ ಶುರುವಾಗೋಕೆ ಮುಂಚೆ ನಾನು ಅದನ್ನೇ ನೋಡ್ತಾ ಕೂತಿದ್ದೆ. ಆಗ ಒಂದು ಲೆಕ್ಕ ತಲೆಗೆ ಬಂತು. ಮೊದಲು ಇಲ್ಲಿ 904 ಸೀಟು ಇತ್ತು. ಈಗ 614. ಅಂದ್ರೆ 290 ಜನ ಕೂರೋ ಜಾಗ ಇಲ್ಲ. ಜನ ಕೂರ್ತಿದ್ದ ಕುರ್ಚಿ ಗೋಡೆಯ ಅಲಂಕಾರ ಆಗಿದೆ.

ಮೊದಲು ಇದು ನನಗೆ ತಪ್ಪು ಅನ್ನಿಸಿತ್ತು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಾಲುಗಳಲ್ಲಿ ಕತ್ತು ಉದ್ದ ಮಾಡಿ ನಾಟಕ ನೋಡಿ ಬೆಳೆದವನು ನಾನು. ಹಿಂದಿನ ಸಾಲು ಇದ್ದದ್ದರಿಂದಲೇ ನಮ್ಮಂಥವರಿಗೆ ನಾಟಕ ಸಿಕ್ಕಿದ್ದು. ಆದ್ರೆ ದೀಪ ಆರಿ ಮಾತು ಶುರುವಾದ ಮೇಲೆ ಅಭಿಪ್ರಾಯ ಅರ್ಧ ಬದಲಾಯ್ತು. ಕೊನೇ ಸಾಲಿಗೂ ನಟಿಯ ಉಸಿರು ಕೇಳಿಸ್ತಿತ್ತು. ಮಾತಿನ ನಾಟಕಕ್ಕೆ ಈ ಹತ್ತಿರ ಬೇಕು. ಅದರಲ್ಲೂ ಭಾಷೆಯನ್ನ ಇನ್ನೂ ಕಲೀತಾ ಇರೋರಿಗೆ ತುಟಿ, ಕಣ್ಣು ಕಂಡರೆ ಅರ್ಧ ಅರ್ಥ ಅಲ್ಲೇ ಆಗುತ್ತೆ. ಮನೇಲಿ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡೋ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಇನ್ನರ್ಧ ಮಾತ್ರ ಬದಲಾಗಲಿಲ್ಲ. ನಾನೂ ಒಂದು ಸಣ್ಣ ತಂಡದ ಜೊತೆ ಇಲ್ಲಿ ಕನ್ನಡ ನಾಟಕ ಮಾಡಿದ್ದೀನಿ, ಶಾಲೆಯ ಹಾಲ್‌ನಲ್ಲಿ, ಬಾಡಿಗೆ ಮೈಕ್ ಕೈಕೊಟ್ಟ ಸಂಜೆ. ಲೆಕ್ಕ ಸರಳ. ಒಂದು ಪ್ರದರ್ಶನದ ಖರ್ಚನ್ನ 904 ಜನರಿಗೆ ಹಂಚೋದು ಬೇರೆ, 614 ಜನರಿಗೆ ಹಂಚೋದು ಬೇರೆ. ಸೀಟು ಕಮ್ಮಿಯಾದಷ್ಟೂ ಒಂದೊಂದು ಸೀಟಿನ ಮೇಲೆ ಭಾರ ಜಾಸ್ತಿ. ಆ ಭಾರ ಮೊದಲು ಬೀಳೋದು ದೊಡ್ಡ ಪ್ರಾಯೋಜಕರಿಲ್ಲದ ಭಾಷೆಗಳ ಮೇಲೆ. ಈ ತಪ್ಪು ವಾಸ್ತುಶಿಲ್ಪಿಯದಲ್ಲ. ಆದ್ರೆ ನವೀಕರಣವನ್ನ ಹೊಗಳೋವಾಗ ನಾವು ಈ ಲೆಕ್ಕ ಬಿಟ್ಟುಬಿಡ್ತೀವಿ.

ಕನ್ನಡದಲ್ಲಿ ಇಂಥ ಕೆಲಸಕ್ಕೆ 'ಜೀರ್ಣೋದ್ಧಾರ' ಅಂತೀವಿ. ಹೊಸಬರಿಗೆ ಹೇಳೋದಾದ್ರೆ, ಜೀರ್ಣ ಅಂದ್ರೆ ಹಳತಾಗಿ ಸವೆದದ್ದು, ಉದ್ಧಾರ ಅಂದ್ರೆ ಮೇಲೆತ್ತೋದು. ಹೆಚ್ಚಾಗಿ ದೇವಸ್ಥಾನಕ್ಕೆ ಬಳಸೋ ಮಾತು. ದೇವಸ್ಥಾನದ ಗೋಪುರಕ್ಕೆ ಬಣ್ಣ ಬಳಿದ ಮಾತ್ರಕ್ಕೆ ಊರಿನವರು ಕೆಲಸ ಮುಗೀತು ಅನ್ನಲ್ಲ. ನಿತ್ಯಪೂಜೆ ಮತ್ತೆ ನಡೀಬೇಕು, ಬಾಗಿಲಲ್ಲಿ ಎಲ್ಲರ ಚಪ್ಪಲಿ ಇರಬೇಕು. ರಂಗಮಂದಿರಕ್ಕೂ ಅದೇ ಅಳತೆ. ವರ್ಷದಲ್ಲಿ ಕೆಲವು ದಿನ, ಎರಡೋ ಮೂರೋ ಆದರೂ ಸರಿ, ಸಣ್ಣ ಭಾಷೆಯ ತಂಡಗಳಿಗೆ ಅಂತಲೇ ಎತ್ತಿಟ್ಟರೆ ಕಳೆದ 290 ಸೀಟು ಇನ್ನೊಂದು ರೀತಿಯಲ್ಲಿ ವಾಪಸ್ ಬಂದ ಹಾಗೆ.

ಮುಂದಿನ ಸಲ ನೆಂಟರು ಬಂದಾಗ ಫೋಟೋ ತೆಗೆದು ಹೊರಡಬೇಡಿ. ಆ ಗಾಜಿನ ಅಂಗಳಕ್ಕೆ ಕರ್ಕೊಂಡು ಹೋಗಿ. ಆದ್ರೆ ಯಾವುದಾದರೂ ಭಾಷೆಯ ಒಂದು ನಾಟಕಕ್ಕೆ ಟಿಕೆಟ್ ತಗೊಳ್ಳಿ. ನಿಮ್ಮ ಮಗಳು ಪಕ್ಕದಲ್ಲಿದ್ದರೆ, ಇಲ್ಲಿ ಕನ್ನಡ ನಾಟಕ ಯಾಕೆ ಆಗಲ್ಲ ಅಂತ ಕೇಳಿದರೂ ಕೇಳಬಹುದು. ನನ್ನ ಮಗಳು ಕೇಳಿದಳು. ಮನೆ ತಲುಪೋವರೆಗೂ ನಾವು ಅದನ್ನೇ ಮಾತಾಡಿದ್ವಿ.