ಗಾಜಿನ ಪೆಟ್ಟಿಗೆಗೆ ಬಾರದ ಅರಿವೆಗಳು

ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ನಿರಾಶ್ರಿತ ಶಿಬಿರಗಳಲ್ಲಿ ಬದುಕುಳಿದ ಯಹೂದಿಯರ ಬಟ್ಟೆಬರೆಗಳಲ್ಲಿ ಬಹಳ ಹೆಸರಾದದ್ದು ಒಂದು ಮದುವೆಯ ಉಡುಪು. 1946ರ ಜನವರಿಯಲ್ಲಿ ಲಿಲಿ ಫ್ರೀಡ್‌ಮನ್ ಎಂಬ ವಧು ತೊಟ್ಟದ್ದು. ಪ್ಯಾರಾಚೂಟಿನ ಬಿಳಿ ಬಟ್ಟೆಯಿಂದ ಹೊಲಿದದ್ದು. ಆಕೆಯ ನಂತರ ತಂಗಿ ತೊಟ್ಟಳು, ಮತ್ತೆ ಎಷ್ಟೋ ವಧುಗಳು ಎರವಲು ಪಡೆದು ತೊಟ್ಟರು. ಕೊನೆಗೆ ಅದು ಬರ್ಗೆನ್-ಬೆಲ್ಸನ್ ಸ್ಮಾರಕದ ವಸ್ತುಸಂಗ್ರಹಾಲಯ ಸೇರಿತು.

ಕಣ್ಣು ಒದ್ದೆಯಾಗುವ ಕಥೆ, ನಿಜ. ಆದರೆ ನಮ್ಮ ತಕರಾರು ಇರುವುದು ಇಲ್ಲಿಯೇ. ಆ ಶಿಬಿರಗಳನ್ನು ನೋಡಿಬಂದ ಅರ್ಲ್ ಹ್ಯಾರಿಸನ್ 1945ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರೂಮನ್ನರಿಗೆ ಕೊಟ್ಟ ವರದಿಯಲ್ಲಿ ಬೇರೆಯೇ ಬಟ್ಟೆಗಳಿವೆ. ಬಿಡುಗಡೆಯಾಗಿ ತಿಂಗಳುಗಳು ಕಳೆದರೂ ಅನೇಕರ ಮೈಮೇಲೆ ಯಾತನಾ ಶಿಬಿರದ ಪಟ್ಟೆಪಟ್ಟೆಯ ಉಡುಪೇ ಇತ್ತು. ಇನ್ನು ಕೆಲವರು ಎಸ್.ಎಸ್. ಪಡೆಯ ಸಮವಸ್ತ್ರ ಹಾಕಿಕೊಳ್ಳಬೇಕಾಯಿತು. ಪಟ್ಟೆಯ ಉಡುಪು ಸಂಗ್ರಹಾಲಯಗಳಲ್ಲಿ ಬೇಕಾದಷ್ಟಿದೆ. ತನ್ನವರನ್ನು ಕೊಂದವನ ಅಂಗಿಯನ್ನೇ ತೊಟ್ಟು ಮೈ ಮುಚ್ಚಿಕೊಂಡವನ ಕಥೆಯನ್ನು ಹೇಳುವವರು ಕಡಿಮೆ. ಸಂಗ್ರಹಾಲಯವನ್ನಷ್ಟೇ ದೂರುವಂತಿಲ್ಲ. ಅಂಥ ಅಂಗಿಯನ್ನು ಯಾರು ಮಡಿಸಿ ಇಟ್ಟುಕೊಂಡಾರು? ಮೊದಲ ಅವಕಾಶದಲ್ಲೇ ಕಿತ್ತೆಸೆದಿರುತ್ತಾರೆ. ಹಾಗಾಗಿ ನಿಶಾನಿಯಾಗಿ ಉಳಿಯುವುದು ನಾವು ನೆನೆಯಲು ಇಷ್ಟಪಡುವ ವಸ್ತು ಮಾತ್ರ.

ಅಮೃತಸರದಲ್ಲಿ 2017ರಲ್ಲಿ ತೆರೆದ ವಿಭಜನೆಯ ವಸ್ತುಸಂಗ್ರಹಾಲಯದಲ್ಲೂ ಜನ ಹೆಚ್ಚು ಮಾತಾಡುವುದು ಪ್ರೀತಮ್ ಕೌರ್ ಅವರ ಫುಲ್ಕಾರಿ ಕೋಟು ಮತ್ತು ಭಗವಾನ್ ಸಿಂಗ್ ಮೈನಿ ಅವರ ಪೆಟ್ಟಿಗೆಯ ಬಗ್ಗೆ. ಗಲಭೆಯಲ್ಲಿ ಅಗಲಿದ ಇಬ್ಬರೂ ನಿರಾಶ್ರಿತರ ಊಟದ ಸಾಲಿನಲ್ಲಿ ಮತ್ತೆ ಸಿಕ್ಕಿ ಮದುವೆಯಾದರು. ಅಲ್ಲಿಯೂ ಮದುವೆಯೇ! ಕತೆಗಾರರಾದ ನಮಗೂ ಈ ದೌರ್ಬಲ್ಯ ಗೊತ್ತು.

ಇಷ್ಟಾದರೂ ಅವರಲ್ಲಿ ಒಂದು ಕೋಟು ಇದೆ. ನಮ್ಮ ಹೈದರಾಬಾದ್ ಸೀಮೆಯ 1948ರದು ಏನಿದೆ? ಆ ಸೆಪ್ಟೆಂಬರ್ 13ರಿಂದ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ಇಲ್ಲಿ ಸುತ್ತಾಡಿದ ಪಂಡಿತ್ ಸುಂದರಲಾಲ್ ಸಮಿತಿ, ಕಡಿಮೆಯೆಂದರೂ 27ರಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರಗಳೂ ಇದ್ದವು. ವರದಿ ಸಾರ್ವಜನಿಕರ ಕೈಗೆ ಸಿಕ್ಕದ್ದು 2013ರಲ್ಲಿ. ಅದಕ್ಕೂ ಮುಂಚೆ ರಜಾಕಾರರ ಹಾವಳಿಗೆ ಸಿಕ್ಕು, ಉಟ್ಟ ಬಟ್ಟೆಯಲ್ಲೇ ಸೊಲ್ಲಾಪುರದ ಕಡೆ ಓಡಿದ ಹಿಂದೂ ಕುಟುಂಬಗಳಿವೆ. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ಸತ್ತವರಿದ್ದಾರೆ. ಈ ಇಬ್ಬರ ದುಃಖವನ್ನೂ ತಕ್ಕಡಿಗೆ ಹಾಕಿ ತೂಗುವವರಿದ್ದಾರೆ. ಎರಡೂ ಕಡೆಯವರು ಉಟ್ಟಿದ್ದ ಸೀರೆ, ಧೋತರ, ಕುಪ್ಪಸಗಳನ್ನು ಕೇಳಿ ಇಟ್ಟುಕೊಂಡವರನ್ನು ನಾವು ಕಾಣೆವು.

ಹೈದರಾಬಾದಿನ ಪುರಾನಿ ಹವೇಲಿಯಲ್ಲಿ ಆರನೆಯ ನಿಜಾಮರ ಉಡುಪಿನ ಕಪಾಟು ಇದೆ, ಎರಡು ಅಂತಸ್ತಿನದು! ಪ್ರಜೆಗಳ ಅರಿವೆಗೆ ಒಂದು ಗೂಡೂ ಇಲ್ಲ.

ಹಾಗಾದರೆ ಅವು ಎಲ್ಲಿ ಹೋದವು? ನಮ್ಮ ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ಹೆಂಗಸರನ್ನು ಕೇಳಿದರೆ ಉತ್ತರ ಸಿಗುತ್ತದೆ: ಕೌದಿಗೆ. ಹಳೆಯ ಅರಿವೆಯ ತುಂಡುಗಳನ್ನು ಕೂಡಿಸಿ ದಾರ ಹಾಕಿ ಹೊಲಿದ ಕೌದಿಯೇ ನಮ್ಮ ಬಡವರ ದಫ್ತರಖಾನೆ. ತೀರಿಹೋದ ಗಂಡನ ಶೇರ್ವಾನಿ ಹರಿದು ಮೊಮ್ಮಗನ ಹಾಸಿಗೆಯಾದದ್ದನ್ನು ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದೇವೆ. ಹೆದರಿ ರೂಮಿ ಟೋಪಿಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದನ್ನೂ ಕೇಳಿದ್ದೇವೆ. ಶೇರ್ವಾನಿ ಆಗ ನಿಜಾಮ ಸೀಮೆಯ ಕಚೇರಿಯ ಉಡುಪಾಗಿತ್ತು, ಹಿಂದೂ ಅಧಿಕಾರಿಗಳೂ ತೊಡುತ್ತಿದ್ದರು. ಅದು ಒಂದೇ ಸಮುದಾಯದ ಗುರುತಾದದ್ದು ಹೇಗೆಂಬುದೇ ಬರೆಯಬೇಕಾದ ಚರಿತ್ರೆ. ಈಗ ಕೌದಿ ಹಳತಾದರೆ ಪಾತ್ರೆ ಮಾರುವವಳಿಗೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಳ್ಳುತ್ತಾರೆ.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಕಚೇರಿಗೆ ಬಂದು ನೌಕರನನ್ನು ಕೆಲಸದಿಂದ ದೂರ ಇಡುವುದಾಯಿತು. ನಮ್ಮ 1948 ಎರಡನೆಯ ಅರ್ಥದಲ್ಲಿ ಉಳಿದುಕೊಂಡಿದೆ.

ಕಲಬುರಗಿಯಲ್ಲಿ ಸಂಗ್ರಹಾಲಯ ಕಟ್ಟಿರೆಂದು ಅರ್ಜಿ ಬರೆಯುವುದು ನಮ್ಮ ಉದ್ದೇಶವಲ್ಲ. ಕಟ್ಟಿದರೂ ಮೊದಲು ಬರುವುದು ಖಡ್ಗ, ಬಂದೂಕುಗಳೇ. ಅಂದು ಹತ್ತು ವರ್ಷದವರಾಗಿದ್ದವರು ಎಂಬತ್ತೈದು ದಾಟಿದ್ದಾರೆ. ಯಾವ ತುಂಡು ಯಾರದು, ಯಾವ ಊರಿನಿಂದ ಬಂತು ಎಂದು ಕೌದಿಯ ಮೇಲೆ ಬೆರಳಿಟ್ಟು ತೋರಿಸಬಲ್ಲವರು ಅವರು ಮಾತ್ರ. ಮಗ್ಗುಲಲ್ಲಿ ಕುಳಿತು ಬರೆದುಕೊಳ್ಳಲು ಒಂದು ಶಾಲೆಯ ನೋಟುಬುಕ್ಕು ಸಾಕು. ಪ್ಯಾರಾಚೂಟಿನ ಉಡುಪಿನಂತೆ ಚೆಂದದ ಕಥೆ ಸಿಗದಿದ್ದರೆ ಬೇಡ, ಕಿತ್ತೆಸೆದ ಅಂಗಿಯ ಮಾತನ್ನೂ ಬರೆದುಕೊಳ್ಳಬೇಕು.