ಚೌಕಟ್ಟಿಗೆ ಹೊಸ ಕಾಲು
ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮನೆಗಳಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಸಾಗವಾನಿ ಕಿಡಕಿಗೆ. ಕಟ್ಟಿಗೆಯನ್ನು ಕೆಡಿಸುವುದು ವಯಸ್ಸಲ್ಲ, ನಿಂತ ನೀರು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ನದಿ ಗೋಕಾಕದ ಮನೆಗಳಿಗೇ ನುಗ್ಗಿತ್ತು.

ಹೀಗೆ ನೀರು ಕುಡಿದು ಕಿಡಕಿಯ ಕಾಲು ಕೊಳೆತರೂ ಬಲ್ಲ ಬಡಿಗ ಇಡೀ ಚೌಕಟ್ಟು ಕೀಳುವುದಿಲ್ಲ. ಉಳಿಯ ತುದಿಯಿಂದ ಚುಚ್ಚಿ ನೋಡಿ, ಮೆತ್ತಗಾದಷ್ಟನ್ನೇ ಓರೆಯಾಗಿ ಕೊಯ್ದು, ಅದೇ ಜಾತಿಯ ಒಣಗಿದ ತುಂಡನ್ನು ಎಳೆಗೆ ಎಳೆ ಹೊಂದಿಸಿ ಗೂಟ ಬಡಿದು ಕೂಡಿಸುತ್ತಾನೆ. ಕೊಯ್ತ ಹೊರಕ್ಕೆ ಇಳಿಜಾರಾಗಿರಬೇಕು, ಮಳೆನೀರು ಸಂದಿಗಿಳಿಯದಂತೆ. ಎಂಥ ಲೆಕ್ಕಾಚಾರ! ಆಮೇಲೆ ಅಗಸಿ ಎಣ್ಣೆ. ಅಡ್ಡ ಕೊಯ್ದ ತುದಿಗೆ ತುಸು ಹೆಚ್ಚೇ, ಕಟ್ಟಿಗೆ ನೀರು ಕುಡಿಯುವುದು ಮುಖ್ಯವಾಗಿ ಅಲ್ಲಿಂದ.

ಹಳೆಯ ಕಿಡಕಿ ಕಿತ್ತು ಅಲ್ಯೂಮಿನಿಯಂ ಕೂಡಿಸುವ ಮುಂಚೆ ಒಮ್ಮೆ ಬಡಿಗನಿಗೆ ತೋರಿಸಿ. ಎಷ್ಟೋ ಸಲ ಗೇಣುದ್ದದ ತುಂಡೇ ಸಾಕಾಗುತ್ತದೆ.