ನೆತ್ತಿಯ ಟೇಪಿನ ಮಹಿಮೆ

ಪಿಕಲ್‌ಬಾಲ್ ಪ್ಯಾಡಲ್‌ಗೆ ಸೀಸದ ಟೇಪ್ ಅಂಟಿಸಿಕೊಳ್ಳುವುದು ಪಳಗಿದ ಆಟಗಾರರ ಲಕ್ಷಣವೆಂದು ಹೆಸರಾಗಿದೆ. ನಿಯಮದ ಅಡ್ಡಿಯೂ ಇಲ್ಲ. ಅಮೆರಿಕದ ನಿಯಮಾವಳಿ ಪ್ಯಾಡಲ್‌ನ ಉದ್ದ 17 ಇಂಚು ಮೀರಬಾರದು, ಉದ್ದ-ಅಗಲ ಸೇರಿ 24 ಇಂಚು ದಾಟಬಾರದು ಎನ್ನುತ್ತದೆಯೇ ಹೊರತು ತೂಕಕ್ಕೆ ಮಿತಿ ಹಾಕಿಲ್ಲ. ಎಲ್ಲಿ ಅಂಟಿಸಬೇಕೆಂಬುದಕ್ಕೆ 'ನೆತ್ತಿಗೆ ಹಚ್ಚಿದರೆ ಪವರ್, ಹಿಡಿಗೆ ಹಚ್ಚಿದರೆ ಕಂಟ್ರೋಲ್' ಎಂಬ ಸೂತ್ರ ವೇದವಾಕ್ಯವಾಗಿ ಕೂತಿದೆ. ಡಬಲ್ಸ್ ಆಡುವವರ ಮಟ್ಟಿಗೆ ಅದರ ಮೊದಲರ್ಧ ಕೆಟ್ಟ ಸಲಹೆ ಎಂಬುದು ನನ್ನ ತಕರಾರು.

ಲೆಕ್ಕ ಹಾಕಿ ನೋಡಿ. ಪ್ಯಾಡಲ್ ಸುಮಾರು 42 ಸೆಂ.ಮೀ. ಉದ್ದವಿದೆ, ಹಿಡಿಯ ಬುಡದಿಂದ 5 ಸೆಂ.ಮೀ. ಮೇಲೆ ಅದು ತಿರುಗುತ್ತದೆ ಎಂದಿಟ್ಟುಕೊಳ್ಳಿ. 6 ಗ್ರಾಂ ಟೇಪನ್ನು ನೆತ್ತಿಯಲ್ಲಿ ಅಂಟಿಸಿದರೆ ತಿರುಗುವ ಬಿಂದುವಿನಿಂದ ಟೇಪಿನ ನಡುವಿಗೆ ದೂರ ಸುಮಾರು 36 ಸೆಂ.ಮೀ. ಆಯಿತು. ಕಿಲೋಗ್ರಾಂ ಲೆಕ್ಕದ ತೂಕವನ್ನು ಗುಣಿಸಬೇಕಾದದ್ದು ದೂರದ ವರ್ಗದಿಂದ. ಹಾಗಾಗಿ ಸ್ವಿಂಗ್ ವೇಟ್, ಅಂದರೆ ಬೀಸುವಾಗ ಕೈಗೆ ತಟ್ಟುವ ಭಾರ, ಹೆಚ್ಚುಕಡಿಮೆ 8 ಅಂಕ ಏರುತ್ತದೆ. ಅದೇ ಟೇಪನ್ನು ಎರಡೂ ಪಕ್ಕಕ್ಕೆ 3-3 ಗ್ರಾಂ ಹಂಚಿದರೆ ಏರುವುದು 3 ಅಂಕ; ಹಿಡಿಯೂ ಮುಖವೂ ಕೂಡುವ ಕತ್ತಿನಲ್ಲಿಟ್ಟರೆ 1. ತಕ್ಕಡಿಗೆ ಮಾತ್ರ ಮೂರೂ ಒಂದೇ! ಮಾರುಕಟ್ಟೆಯ ಬಹುಪಾಲು ಪ್ಯಾಡಲ್‌ಗಳ ಸ್ವಿಂಗ್ ವೇಟ್ 105ರಿಂದ 125ರೊಳಗೆ ಇರುವಾಗ 8 ಅಂಕವೆಂದರೆ ಬೇರೆ ಪ್ಯಾಡಲನ್ನೇ ಕೊಂಡಂತೆ. ಡಬಲ್ಸ್‌ನಲ್ಲಿ ಇಬ್ಬರೂ ನಿಲ್ಲುವ ಕಿಚನ್ ಗೆರೆ (ಪುಟಿಯದ ಚೆಂಡನ್ನು ಹೊಡೆಯಬಾರದ ಪಟ್ಟಿಯ ಅಂಚು) ಬಲೆಯಿಂದ 7 ಅಡಿ, ಹಾಗಾಗಿ ಎದುರಾಳಿ 14 ಅಡಿ ದೂರದಲ್ಲಿ. ಅವನು ಎದೆಗೆ ಗುರಿಯಿಟ್ಟು ಹೊಡೆದಾಗ ತುದಿಭಾರದ ಪ್ಯಾಡಲನ್ನು ಬ್ಯಾಕ್‌ಹ್ಯಾಂಡಿಗೆ ತರುವಷ್ಟರಲ್ಲಿ ಚೆಂಡು ಹಿಂದೆ ಬಿದ್ದಿರುತ್ತದೆ.

ಪಕ್ಕದ 3-3 ಗ್ರಾಂ ಮಾಡುವ ಕೆಲಸವೇ ಬೇರೆ. ಮಧ್ಯರೇಖೆಯಿಂದ 9-10 ಸೆಂ.ಮೀ. ಆಚೆ ಕೂತು, ಚೆಂಡು ಅಂಚಿಗೆ ತಾಗಿದಾಗ ಪ್ಯಾಡಲ್ ಕೈಯೊಳಗೆ ಹೊರಳುವುದನ್ನು ಅದು ತಡೆಯುತ್ತದೆ. ಹೀಗೆ ಹೊರಳದೆ ನಿಲ್ಲುವ ಗುಣದ ಅಳತೆಯಾದ ಟ್ವಿಸ್ಟ್ ವೇಟ್ 6ರ ಆಸುಪಾಸಿನಲ್ಲಿದ್ದರೆ ಅರ್ಧ ಅಂಕ ಸೇರುತ್ತದೆ. ಸಣ್ಣದೆನಿಸಬಹುದು, ಬ್ಲಾಕ್ ಮಾಡುವಾಗ ಮಣಿಕಟ್ಟಿಗೆ ಗೊತ್ತಾಗುತ್ತದೆ.

ಸಿಂಗಲ್ಸ್‌ನಲ್ಲಿ ಬೇಸ್‌ಲೈನಿನಿಂದ ಬೀಸುವವರಿಗೆ ನೆತ್ತಿಯ ಭಾರ ಒದಗೀತು, ಒಪ್ಪೋಣ. ಆದರೆ ಅದಕ್ಕೆ ಟೆನಿಸ್ ಆಟಗಾರ ಪೀಟ್ ಸಾಂಪ್ರಾಸ್‌ನನ್ನು ಸಾಕ್ಷಿಗೆ ಕರೆಯುವುದು ಯಾಕೆ? ಸೀಸ ಹೇರಿದ ರಾಕೆಟ್‌ನಲ್ಲಿ ಆತ 14 ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ನಿಜ. ಆದರೆ ಆತ ಆಡಿದ್ದು 78 ಅಡಿಯ ಟೆನಿಸ್ ಅಂಕಣದಲ್ಲಿ, ಪೂರ್ತಿ ತೋಳು ಬೀಸಿ. ನಮ್ಮದು 44 ಅಡಿ, ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನಷ್ಟೇ. ಇನ್ನು ಟೇಪಿನ ತೂಕವನ್ನು ದಶಮಾಂಶದವರೆಗೆ ಅಳೆಯುವ ಪಂಡಿತರಿದ್ದಾರೆ. ಒಂದೇ ಮಾದರಿಯ ಎರಡು ಪ್ಯಾಡಲ್‌ಗಳ ನಡುವೆಯೇ ಕೆಲವು ಗ್ರಾಂ ಹೆಚ್ಚುಕಡಿಮೆ ಇರುತ್ತದೆ. ಮೇಲೆ ಸುತ್ತಿದ ಓವರ್‌ಗ್ರಿಪ್ಪೇ 5 ಗ್ರಾಂ ತೂಗೀತು. ಅದನ್ನು ಇವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೀಗಿರುವಾಗ ಯಾರೋ ವೃತ್ತಿಪರರ ಟೇಪ್ ನಕ್ಷೆಯನ್ನು ಮಿಲಿಮೀಟರ್ ತಪ್ಪದೆ ನಕಲು ಮಾಡಿ ಪ್ರಯೋಜನವೇನು?

ಡಬಲ್ಸ್ ಆಡುವವರು ನೆತ್ತಿಯ ಟೇಪ್ ಕಿತ್ತುಹಾಕಿ. ಪಕ್ಕಕ್ಕೆ 2-2 ಗ್ರಾಂ, ಸಾಧ್ಯವಾದಷ್ಟು ಕೆಳಗೆ ಅಂಟಿಸಿ, ಕೆಲವು ದಿನ ಆಡಿ ನೋಡಿ. ಹಚ್ಚಿದ್ದು ಸೀಸವಾದರೆ ಕೈ ತೊಳೆದೇ ತಿಂಡಿಗೆ ಕೂರಿ.